ಭಾವ ಕಡೆದ ಹಲ್ಲಿನ ಚಕ್ರ

ಆ ಜೀಪು ನಮ್ಮ ಗ್ಯಾರೇಜಿಗೆ ಬಂದದ್ದು ಮಾರ್ಚ್ ಕೊನೆಯ, ನಮ್ಮ ಕಡೆಯ ಸುಗ್ಗಿ ತಿಂಗಳ ಸುಡುಬಿಸಿಲಿನಲ್ಲಿ, ಒಂದು ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವ ದಾರಿಯ ಬದಿಯಲ್ಲಿ, ತಗಡಿನ ಮಾಡಿನ ಗ್ಯಾರೇಜು ನಮ್ಮದು. ಎಂಜಿನ್ ಕೆಲಸ ನನ್ನ ಗಂಡನದು, ಕಬ್ಬಿಣ ಕಡೆಯುವ ಲೇತ್ ಕೆಲಸ ಗಂಡನ ಅಣ್ಣನದು, ನನ್ನ ಭಾವನದು. ವೈರಿಂಗು, ಸ್ಕ್ಯಾನರು, ಕಂಪ್ಯೂಟರು ನನ್ನ ಪಾಲಿಗೆ. ನಾನು ಸುಳ್ಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಮದುವೆಯಾದ ಮೇಲೂ ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಅತ್ತೆಯ ಮೊಣಕಾಲಿನ ಆಪರೇಷನ್ ಆದಾಗ ಸ್ವಲ್ಪ ಸಮಯಕ್ಕೆಂದು ರಜೆ ಹಾಕಿ ಬಂದೆ. ಅಷ್ಟರಲ್ಲಿ ಗ್ಯಾರೇಜಿಗೆ ಬರುವ ಗಾಡಿಗಳಲ್ಲೆಲ್ಲ ಸೆನ್ಸರುಗಳೇ ತುಂಬಿಕೊಂಡಿದ್ದವು. ಒಂದನ್ನು ನೋಡು ಎಂದರು, ಮತ್ತೊಂದನ್ನು ನೋಡು ಎಂದರು. ಸ್ಪೇರ್ ಪಾರ್ಟ್ಸ್ ಇಡುತ್ತಿದ್ದ ಮೂಲೆಗೆ ಗಾಜು ಹಾಕಿಸಿ ಅದನ್ನು ನನ್ನ ಕೋಣೆ ಮಾಡಿದರು. ಮಂಗಳೂರಿನ ಕೆಲಸ ಯಾವಾಗ ಕೈಬಿಟ್ಟಿತು ಎಂದು ಕೇಳಿದರೆ ನನಗೆ ಹೇಳಲಾಗುವುದಿಲ್ಲ. ಬಿಡುತ್ತೇನೆ ಎಂದು ನಾನು ಯಾರಿಗೂ ಹೇಳಿದ ನೆನಪೇ ಇಲ್ಲ.

ಜೀಪಿನ ಯಜಮಾನರು ಸಂಪಾಜೆಯ ಹತ್ತಿರ ರಬ್ಬರ್ ತೋಟ ಇಟ್ಟುಕೊಂಡವರು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ನನ್ನ ತವರಿನ ಕಡೆಯವರಾದ್ದರಿಂದ ನನ್ನ ಹತ್ತಿರ ನಮ್ಮ ಕಡೆಯ ಮನೆಮಾತಾದ ಅರೆಭಾಷೆಯಲ್ಲೇ ಮಾತು ಶುರುಮಾಡಿ, ನನ್ನ ಮನೆಯವರು ಎದುರಿಗಿದ್ದಾರೆಂದು ನೆನಪಾದೊಡನೆ ಕನ್ನಡಕ್ಕೆ ಬರುತ್ತಿದ್ದರು. ಜೀಪಿನ ಹಳೆಯ ಡೀಸೆಲ್ ಎಂಜಿನ್ ಹೋಗಿತ್ತು. ಗುಜರಿಗೆ ಬಂದ ಕಾರೊಂದರ ಪೆಟ್ರೋಲ್ ಎಂಜಿನ್ನನ್ನು ಅವರೇ ಹುಡುಕಿ ತಂದಿದ್ದರು. ಅದನ್ನು ನಡೆಸಲು ಹೊರಗಿನಿಂದ ಒಂದು ಕಂಪ್ಯೂಟರನ್ನೂ ತರಿಸಿದ್ದರು. ಅದು ಗಾಡಿಯ ಜೊತೆಗೆ ಬರುವ ಕಂಪನಿಯ ಪೆಟ್ಟಿಗೆಯಲ್ಲ. ಯಾವ ಎಂಜಿನ್ನಿಗೆ ಬೇಕಾದರೂ ಕೂಡಿಸಬಹುದು, ಆದರೆ ಎಲ್ಲವನ್ನೂ ನಾವೇ ಕೂತು ಅದಕ್ಕೆ ಹೇಳಿಕೊಡಬೇಕು.

"ನಮ್ಮ ಊರಿನ ಹುಡುಗಿ ಉಂಟಲ್ಲ ಇಲ್ಲಿ, ಮತ್ತೆ ನನಗೆ ಎಂತ ಹೆದರಿಕೆ?" ಎಂದು ಅವರು ನನ್ನ ಗಂಡನಿಗೆ ಹೇಳಿದರು. ಆ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಕಂಪ್ಯೂಟರಿಗೆ ಮೊದಲು ಗೊತ್ತಾಗಬೇಕಾದದ್ದು ಒಂದೇ: ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕು ಸುತ್ತುವಾಗ ಈ ಕ್ಷಣ ಎಲ್ಲಿದೆ ಎಂಬುದು. ಅದು ಗೊತ್ತಾದರೆ ಮಾತ್ರ ಯಾವಾಗ ಕಿಡಿ ಕೊಡಬೇಕು, ಯಾವಾಗ ಪೆಟ್ರೋಲ್ ಚಿಮ್ಮಿಸಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಅದಕ್ಕಾಗಿ ಕ್ರ್ಯಾಂಕಿನ ತುದಿಯ ಪುಲ್ಲಿಗೆ, ಅಂದರೆ ಬೆಲ್ಟು ಓಡುವ ಗಾಲಿಗೆ, ಒಂದು ಹಲ್ಲಿನ ಚಕ್ರ ಕೂಡಿಸಬೇಕು. ಅದರ ಮಗ್ಗುಲಲ್ಲಿ, ಮುಟ್ಟದ ಹಾಗೆ, ಒಂದು ಸೆನ್ಸರ್. ಹಲ್ಲುಗಳು ಹಾದುಹೋದಂತೆ ಸೆನ್ಸರ್ ಎಣಿಸುತ್ತದೆ. ಒಂದು ಹಲ್ಲನ್ನು ಬೇಕೆಂದೇ ಕಡಿದಿರುತ್ತಾರೆ. ಆ ಖಾಲಿ ಜಾಗ ಬಂದಾಗ ಹೊಸ ಸುತ್ತು ಶುರು ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಎಂಜಿನ್ನಿನ ಮೇಲ್ಭಾಗದಲ್ಲಿ, ವಾಲ್ವುಗಳನ್ನು ನಡೆಸುವ ಕ್ಯಾಮಿನ ಹತ್ತಿರ ಇನ್ನೊಂದು ಸೆನ್ಸರ್. ಎರಡರ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು.

ಹಲ್ಲಿನ ಚಕ್ರ ಮಾಡಿದ್ದು ಭಾವ. ಪೇಟೆಯಲ್ಲಿ ಅಳತೆಗೆ ಸರಿಯಾದದ್ದು ಸಿಗಲಿಲ್ಲ. ಉಕ್ಕಿನ ತಟ್ಟೆಯೊಂದನ್ನು ಲೇತಿಗೆ ಕಟ್ಟಿ ಕಡೆದು, ಒಂದೊಂದೇ ಹಲ್ಲು ಕೊರೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ ತಂದು ನನ್ನ ಮೇಜಿನ ಮೇಲಿಟ್ಟರು. "ಇದು ಸಾಕಾ ನೋಡು" ಎಂದರು. ನೋಡಲಿಕ್ಕೆ ಬಹಳ ಚಂದ ಇತ್ತು.

ಎಂಜಿನ್ ಮೊದಲ ದಿನವೇ ಸ್ಟಾರ್ಟಾಯಿತು. ಅದೇ ದೊಡ್ಡ ಮೋಸ. ಸೆಲ್ಫ್ ಹೊಡೆದೊಡನೆ ಹಿಡಿದುಕೊಂಡು, ನಿಂತಲ್ಲೇ ಹದವಾಗಿ ಓಡಿತು. ಅತ್ತೆ ಮನೆಯಿಂದ ಪಾಯಸ ಕಳಿಸಿದರು. ಸ್ವಲ್ಪ ಬಿಸಿಯಾದ ಮೇಲೆ ನನ್ನ ಗಂಡ ರೇಸ್ ಮಾಡಿದ. ಒಂದು ಹಂತದವರೆಗೆ ಏರಿ ಎಂಜಿನ್ ಕೆಮ್ಮಿತು, ಮಿಸ್ಸಿಂಗ್ ಹೊಡೆಯಿತು, ನಿಂತೇಹೋಯಿತು. ಹಲ್ಲಿನ ಲೆಕ್ಕ ತಪ್ಪಿದೆ, ಎರಡು ಸೆನ್ಸರುಗಳಿಗೆ ತಾಳೆಯಿಲ್ಲ ಎಂದು ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಅಕ್ಷರ ಬಂತು.

ಅಲ್ಲಿಂದ ಶುರು. ದಿನವೂ ಜೀಪಿನ ಎಡಗಡೆ ಸೀಟಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಕೂತುಕೊಳ್ಳುತ್ತಿದ್ದೆ. ಕಾಲ ಮೇಲೆ ವೈರು, ಎದುರಿಗೆ ಬಿಸಿ ಎಂಜಿನ್, ನೆತ್ತಿಯ ಮೇಲೆ ಕಾದ ತಗಡು. ಕರೆಂಟು ಹೋದರೆ ಫ್ಯಾನೂ ಇಲ್ಲ. ಸೆನ್ಸರಿನ ಎರಡು ವೈರುಗಳು ಅದಲುಬದಲಾಗಿವೆಯೋ ಎಂದು ನೋಡಿದೆ. ಹೌದು, ಅದಲುಬದಲಾಗಿದ್ದವು. ಸರಿಮಾಡಿದಾಗ ಇದೇ ಇರಬೇಕು ಎಂದು ಜೀವ ಬಂದಿತ್ತು. ಸ್ವಲ್ಪ ಹೆಚ್ಚು ಏರಿತು, ಮತ್ತೆ ನಿಂತಿತು. ಕಿಡಿ ಕೊಡುವ ಕಾಯಿಲಿನ ವೈರಿನ ಪಕ್ಕದಲ್ಲೇ ಸೆನ್ಸರಿನ ವೈರು ಹೋಗಿತ್ತು, ಅದನ್ನು ಬೇರೆ ದಾರಿಯಲ್ಲಿ ಸುತ್ತಿಸಿ ತಂದೆ. ಸೆನ್ಸರ್ ವೈರಿನ ಮೇಲಿನ ಜಾಲರಿಯನ್ನು ಎರಡೂ ತುದಿಯಲ್ಲಿ ಅರ್ಥಿಂಗಿಗೆ ಜೋಡಿಸಿಬಿಟ್ಟಿದ್ದೆ, ಒಂದು ತುದಿ ಬಿಚ್ಚಿದೆ. ಪ್ಲಗ್ ಬದಲಿಸಿದೆವು. ಹೊಸ ಸೆನ್ಸರ್ ತರಿಸಿದೆವು. ಕಿಡಿ ಬೀಳುವ ಕ್ಷಣಕ್ಕೆ ಮಿನುಗುವ ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಪುಲ್ಲಿಯ ಮೇಲಿನ ಗುರುತು ಇರಬೇಕಾದಲ್ಲೇ ಇತ್ತು. ಆದರೂ ಎಂಜಿನ್ನಿಗೆ ಎಳೆತ ಇಲ್ಲ.

ಯಜಮಾನರು ವಾರವಾರವೂ ಬಸ್ಸಿನಲ್ಲಿ ಬರುತ್ತಿದ್ದರು. ಸುಳ್ಯದಲ್ಲಿ ಬಸ್ಸು ಬದಲಿಸಿ ಪುತ್ತೂರು, ಅಲ್ಲಿಂದ ಇನ್ನೊಂದು ಬಸ್ಸು. ಒಮ್ಮೆಯಾದರೂ ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಪಲ್ಯಕ್ಕೆಂದು ಒಂದು ಚೀಲ ಜೀಗುಜ್ಜೆ ಕಾಯಿ ತಂದು ಮೆಟ್ಟಿಲ ಹತ್ತಿರ ಇಟ್ಟು, "ಅವಸರ ಇಲ್ಲ ಮಾರಾಯ್ರೆ, ನಿಧಾನ ಮಾಡಿ. ನಮ್ಮ ತಂಗಿ ಮಾಡ್ತಾಳೆ ಅಂತ ನನಗೆ ಗೊತ್ತುಂಟು" ಎನ್ನುತ್ತಿದ್ದರು. ಅವರು ಹೋಗುವವರೆಗೆ ನಾನು ಗಾಜಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ.

ನನಗೆ ಕಾರಣ ಗೊತ್ತಾದದ್ದು, ಗೊತ್ತಾಯಿತು ಎಂದು ನಾನು ತಿಳಿದುಕೊಂಡದ್ದು, ಕಾಲೇಜಿನ ಗೆಳತಿಯೊಬ್ಬಳಿಂದ ಆಸಿಲೊಸ್ಕೋಪ್ ತಂದು ಜೋಡಿಸಿದ ದಿನ. ಸೆನ್ಸರಿನಿಂದ ಬರುವ ಸಂಕೇತವನ್ನು ಅದು ಅಲೆಯ ಹಾಗೆ ಬರೆದು ತೋರಿಸುತ್ತದೆ. ಒಂದೊಂದು ಹಲ್ಲಿಗೂ ಒಂದೊಂದು ಅಲೆ. ಎಲ್ಲ ಅಲೆಗಳೂ ಒಂದೇ ಎತ್ತರ ಇರಬೇಕು. ಇಲ್ಲಿ ಹಾಗಿರಲಿಲ್ಲ. ಎಂಜಿನ್ ರೇಸ್ ಮಾಡಿದಂತೆ ಪ್ರತಿ ಸುತ್ತಿನಲ್ಲೂ ಅಲೆಗಳು ದೊಡ್ಡದಾಗುತ್ತ ಹೋಗಿ, ಮತ್ತೆ ಸಣ್ಣದಾಗುತ್ತ ಬರುತ್ತಿದ್ದವು. ಸಣ್ಣ ಅಲೆಗಳನ್ನು ಕಂಪ್ಯೂಟರ್ ಹಲ್ಲೆಂದು ಎಣಿಸುತ್ತಿರಲಿಲ್ಲ. ಅಂದರೆ ಒಂದು ಬದಿಯಲ್ಲಿ ಹಲ್ಲುಗಳು ಸೆನ್ಸರಿನ ಹತ್ತಿರ ಬರುತ್ತಿವೆ, ಎದುರು ಬದಿಯಲ್ಲಿ ದೂರ ಹೋಗುತ್ತಿವೆ. ಚಕ್ರದ ನಡು ಸರಿಯಾಗಿ ನಡುವಿನಲ್ಲಿಲ್ಲ.

ಚಕ್ರ ಮಾಡಿದ್ದು ಭಾವ.

ನಾನು ಆಸಿಲೊಸ್ಕೋಪನ್ನು ಆರಿಸಿದೆ. ಬಾಗಿಲ ಆಚೆ ಲೇತು ಓಡುತ್ತಿತ್ತು.

ಬೇರೆಯವರಿಗೆ ಇದು ಎಂತ ದೊಡ್ಡ ವಿಷಯ ಎನಿಸಬಹುದು. ಆಚೆ ವರ್ಷ ಸುಳ್ಯದ ಒಂದು ವರ್ಕ್‌ಶಾಪಿನಿಂದ ಭಾವ ಮಾಡಿಕೊಟ್ಟ ಶಾಫ್ಟ್ ಒಂದು ತಿರುಗಿ ಬಂದಿತ್ತು. ಅಳತೆ ತಪ್ಪಿದೆ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ತಂದವನು ತಮಾಷೆ ಮಾಡಿದ್ದ. ಭಾವ ಆ ಶಾಫ್ಟನ್ನು ಕೈಯಲ್ಲಿ ಹಿಡಿದು ನೋಡಿ, ಲೇತಿನ ಮೇಲೆ ಗೋಣಿ ಹೊದೆಸಿ ಮನೆಗೆ ನಡೆದರು. ಅನೇಕ ದಿನ ಗ್ಯಾರೇಜಿಗೆ ಬರಲಿಲ್ಲ, ನಮ್ಮೊಟ್ಟಿಗೆ ಊಟಕ್ಕೆ ಕೂರಲಿಲ್ಲ. ತಾನೊಂದು ಪಾಲು ತೆಗೆದುಕೊಂಡು ಬೇರೆ ಹೋಗುತ್ತೇನೆ ಎಂದು ಅತ್ತೆಯ ಹತ್ತಿರ ಹೇಳಿದರಂತೆ. ಅತ್ತೆ ಅತ್ತು ಕರೆದು ಸರಿಮಾಡಿದರು. ಭಾವ ಹೊಸ ಕನ್ನಡಕ ಮಾಡಿಸಿಕೊಂಡರು. ಅಲ್ಲಿಗೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಬಾರದು ಎಂದಾಯಿತು. ಯಾರೂ ಹಾಗೆ ಹೇಳಲಿಲ್ಲ, ಆದರೆ ಆಯಿತು.

ನಾನು ಗಂಡನಿಗೆ ಹೇಳಿದೆ. ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುವ ನೆಪದಲ್ಲಿ ಕರೆದು ಹೇಳಿದೆ. ಅವನು ಗ್ಯಾರೇಜಿನ ಕಡೆ ತಿರುಗಿ ನೋಡಿದ.

"ಖಂಡಿತವಾ?"

"ಅಲೆ ನೋಡಿದ್ರೆ ಬೇರೆ ಎಂತದೂ ಅಲ್ಲ."

"ಗೇಜ್ ಇಟ್ಟು ಅಳೆದು ನೋಡಿದೆಯಾ?"

"ಅವರು ಅಲ್ಲೇ ಇರ್ತಾರಲ್ಲ. ಅವರ ಎದುರಿಗೆ ಅವರ ಚಕ್ರಕ್ಕೆ ಗೇಜ್ ಇಡ್ಲಿಕ್ಕೆ ಆಗ್ತದಾ?"

ಅವನು ತಂತಿಯ ಮೇಲಿದ್ದ ಅಂಗಿಯನ್ನು ತೆಗೆದು ನನ್ನ ಕೈಗೆ ಕೊಟ್ಟ. "ಹೇಳ್ಬೇಡ ಮಾರಾಯ್ತಿ. ಈಗ ಹೇಳಿದ್ರೆ ಅಣ್ಣ ಎದ್ದು ಹೋಗ್ತಾನೆ. ಅಮ್ಮನ ಕಾಲು ಹೀಗಿರುವಾಗ ಮನೆ ಎರಡಾಗುದು ಬೇಡ. ಕಂಪ್ಯೂಟರಿನಲ್ಲೇ ಎಂತಾದ್ರೂ ಮಾಡ್ಲಿಕ್ಕೆ ಆಗುದಿಲ್ವಾ?"

ಮಾಡಲಿಕ್ಕೆ ಆಗುತ್ತದೆ, ಸ್ವಲ್ಪ ಮಟ್ಟಿಗೆ. ಸಣ್ಣ ಅಲೆಯನ್ನೂ ಹಲ್ಲೆಂದು ಒಪ್ಪಿಕೋ ಎಂದು ಕಂಪ್ಯೂಟರಿಗೆ ಹೇಳಬಹುದು. ಆದರೆ ಹಾಗೆ ಒಪ್ಪಿಕೊಳ್ಳಲು ಕಲಿತದ್ದು, ಎಲ್ಲಿಂದಲೋ ಬಂದ ಗದ್ದಲವನ್ನೂ ಹಲ್ಲೆಂದು ಎಣಿಸುತ್ತದೆ. ಆಗ ಗದ್ದಲವನ್ನು ಸೋಸುವ ಹಾಗೆ ಮಾಡಬೇಕು. ಸೋಸಿದರೆ ಹಲ್ಲೂ ಸೋಸಿಹೋಗುತ್ತದೆ. ಅದರಲ್ಲೇ ಹಿಂದೆಮುಂದೆ ಮಾಡುತ್ತ ನಾನು ಕೂತುಬಿಟ್ಟೆ. ಕಾರಣ ಒಂದು ಕಡೆ ಇದೆ ಎಂದು ಗೊತ್ತಿದ್ದೂ ಬೇರೆ ಎಲ್ಲ ಕಡೆ ಹುಡುಕುವ ಹಾಗೆ ನಟಿಸುವುದು ಎಷ್ಟು ದಣಿವಿನ ಕೆಲಸ ಎಂದು ಆಗ ಗೊತ್ತಾಯಿತು. ಅತ್ತೆ ಊಟಕ್ಕೆ ಬಡಿಸುತ್ತ ದಿನವೂ ತುಳುವಿನಲ್ಲಿ "ದಾದ ಆಂಡ್?" ಎಂದು, ಏನಾಯಿತು ಎಂದು ಕೇಳುತ್ತಿದ್ದರು. ನಾನು ಆಗುತ್ತಾ ಬಂತು ಎನ್ನುತ್ತಿದ್ದೆ. ಎದುರಿಗೆ ಕೂತ ಭಾವ ಅನ್ನ ಕಲೆಸುತ್ತ, "ಕಂಪ್ಯೂಟರಿನದ್ದೇ ತೊಂದರೆ. ನಮ್ಮ ಕಾಲದಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿವಿಯಲ್ಲಿ ಕೇಳಿ ಟೈಮಿಂಗ್ ಕೂಡಿಸ್ತಾ ಇದ್ದೆವು. ಅದಕ್ಕೆ ಪೆಟ್ಟಿಗೆ ಎಂತಕ್ಕೆ?" ಎನ್ನುತ್ತಿದ್ದರು. ಬೇಕೆಂದು ಚುಚ್ಚಿದ್ದಲ್ಲ, ನನಗೆ ಸಮಾಧಾನ ಹೇಳಲಿಕ್ಕೆಂದೇ ಹಾಗೆ ಅಂದದ್ದು. ಅದನ್ನು ನುಂಗುವುದು ಇನ್ನೂ ಕಷ್ಟ.

ತವರಿಗೆ ಒಮ್ಮೆ ಹೋಗಿ ಬರೋಣ ಎಂದುಕೊಂಡೆ. ಜೀಪು ಹೀಗಿರುವಾಗ ಹೋಗುವುದು ಹೇಗೆ? ಅಮ್ಮ ಫೋನಿನಲ್ಲಿ ಕೇಳಿದಾಗಲೂ ಅದನ್ನೇ ಹೇಳಿದೆ. ಗ್ಯಾರೇಜಿನ ನಡುವಿನಲ್ಲೇ ಜೀಪು ನಿಂತಿತ್ತು. ಎಲ್ಲಿಗೆ ಹೋಗುವುದಾದರೂ ಅದನ್ನು ಸುತ್ತಿಕೊಂಡು ಹೋಗಬೇಕು.

ಕೊನೆಗೆ ಹೇಗೋ ಒಂದು ಹದಕ್ಕೆ ತಂದೆ. ರೇಸ್ ಮಾಡಿದರೆ ನಿಲ್ಲುತ್ತಿರಲಿಲ್ಲ. ಒಂದೆರಡು ಕಡೆ ಮುಗ್ಗರಿಸಿದರೂ ಓಡುತ್ತಿತ್ತು. ಸರಿಯಾಗಿಲ್ಲ ಎಂದು ನನಗೆ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು. "ಸದ್ಯಕ್ಕೆ ಕೊಡುವ. ಮತ್ತೆ ಬಂದ್ರೆ ನೋಡುವ" ಎಂದ. ಯಜಮಾನರಿಗೆ ಫೋನ್ ಮಾಡಿದೆವು. ಗಾಡಿ ಕೊಂಡುಹೋಗಲು ಅವರು ಬಸ್ಸಿನಲ್ಲಿ ಬಂದರು. ಆದರೆ ಭಾವ, "ಘಟ್ಟ ಹತ್ತಿಸಿ ನೋಡದೆ ಗಾಡಿ ಕೊಡುದು ನಮ್ಮ ಗ್ಯಾರೇಜಿನ ಕ್ರಮ ಅಲ್ಲ" ಎಂದು ಕೀ ಕೈಗೆ ತೆಗೆದುಕೊಂಡರು. ಸಂಪಾಜೆಯವರೆಗೆ ಹೇಗೂ ಹೋಗಬೇಕು, ಅಲ್ಲಿಂದ ಮಡಿಕೇರಿ ದಾರಿಯಲ್ಲಿ ಸ್ವಲ್ಪ ಹತ್ತಿಸಿ ಇಳಿಸಿ, ಗಾಡಿಯನ್ನು ಅವರ ಮನೆಯಲ್ಲಿ ಬಿಟ್ಟು, ನಾವು ಬಸ್ಸಿನಲ್ಲಿ ವಾಪಸ್ಸು ಬರುವುದೆಂದು ಆಯಿತು. ಭಾವ ಓಡಿಸಿದರು. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು. ಹಿಂದೆ ನನ್ನ ಗಂಡ ಮತ್ತು ಯಜಮಾನರು.

ಸುಳ್ಯ ದಾಟುವವರೆಗೆ ಜೀಪು ಚೆನ್ನಾಗಿಯೇ ಓಡಿತು. ನನ್ನ ತವರಿಗೆ ತಿರುಗುವ ದಾರಿ ಬಂತು, ಹಿಂದೆ ಹೋಯಿತು. ನಾನು ಪರದೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಸಂಪಾಜೆ ದಾಟಿ ಏರು ಶುರುವಾದೊಡನೆ ಭಾವ ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದರು. ಒಂದು ತಿರುವು ಹತ್ತಿದೆವು. ಎರಡನೆಯದರ ನಡುವಿನಲ್ಲಿ ಎಂಜಿನ್ ಒಮ್ಮೆ ಕೆಮ್ಮಿ, ಪಟ್ಟೆಂದು ಸದ್ದು ಮಾಡಿ, ಸತ್ತುಹೋಯಿತು.

ಹಿಂದೆ ಒಂದು ಲಾರಿ, ಅದರ ಹಿಂದೆ ಬಸ್ಸು, ಎದುರಿನಿಂದ ಇಳಿಯುತ್ತಿದ್ದ ಕಾರುಗಳ ಸಾಲು. ಒಂದು ಬದಿಗೆ ಗೋಡೆಯಂಥ ಮಣ್ಣಿನ ದರೆ, ಇನ್ನೊಂದು ಬದಿಗೆ ತಗ್ಗು. ಎಲ್ಲರೂ ಒಟ್ಟಿಗೆ ಹಾರ್ನ್ ಹಾಕತೊಡಗಿದರು. ಭಾವ ಸೆಲ್ಫ್ ಹೊಡೆದರು, ಮತ್ತೆ ಹೊಡೆದರು. ಎಂಜಿನ್ ಸುತ್ತುತ್ತದೆ, ಹಿಡಿಯುವುದಿಲ್ಲ. ಲಾರಿಯ ಡ್ರೈವರ್ ಇಳಿದು ಬಂದು, "ಎಂತ ಮಾರಾಯ್ರೆ, ರೋಡಿನ ನಡುವಿನಲ್ಲಿ ಕಂಪ್ಯೂಟರ್ ಕ್ಲಾಸಾ?" ಎಂದು ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡಿ ಕೇಳಿದ. ಬೈದರೂ ಅವನೇ ನನ್ನ ಗಂಡನೊಟ್ಟಿಗೆ ಸೇರಿ ಜೀಪನ್ನು ದರೆಯ ಬದಿಗೆ ತಳ್ಳಿಸಿದ. ದರೆಗೆ ತಾಗಿಕೊಂಡು ನಿಲ್ಲಿಸಿದ್ದರಿಂದ ನನ್ನ ಬದಿಯಿಂದ ಇಳಿಯಲಿಕ್ಕೆ ಜಾಗವೇ ಇರಲಿಲ್ಲ. ಸಾಲುಗಾಡಿಗಳು ಒಂದೊಂದಾಗಿ, ಪ್ರತಿಯೊಂದರಿಂದಲೂ ಒಂದು ಮುಖ ನಮ್ಮನ್ನು ನೋಡುತ್ತ, ಹಾದುಹೋದವು. ಗಂಡ ಮತ್ತು ಯಜಮಾನರು ಹಿಂದೆ ನಿಂತು ಗಾಡಿಗಳಿಗೆ ಕೈ ತೋರಿಸುತ್ತಿದ್ದರು. ಜೀಪಿನೊಳಗೆ ನಾನು ಮತ್ತು ಭಾವ ಇಬ್ಬರೇ.

ಭಾವ ಸ್ಟಿಯರಿಂಗಿನಿಂದ ಕೈ ತೆಗೆಯದೆ, ನನ್ನ ಕಡೆ ನೋಡದೆ ಕೇಳಿದರು: "ಇದು ನನ್ನ ಚಕ್ರದಿಂದಲಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ನಿನ್ನನ್ನೇ ಕೇಳುದು. ಹೌದಾದ್ರೆ ಹೌದು ಅಂತ ಹೇಳು. ಇಬ್ಬರೂ ಗುಸುಗುಸು ಮಾಡುದು ನನಗೆ ಕಾಣುದಿಲ್ಲ ಅಂತ ತಿಳ್ಕೊಂಡಿದ್ದೀರಾ?"

"ಹೌದು ಭಾವ" ಎಂದೆ. "ಚಕ್ರ ಸುತ್ತುವಾಗ ಅಲ್ಲಾಡ್ತಾ ಉಂಟು. ನಡು ತಪ್ಪಿದೆ ಅಂತ ನನಗೆ ಕಾಣ್ತದೆ."

ಅವರು ತಲೆ ಆಡಿಸಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡರು. ದಾರಿ ಖಾಲಿಯಾದ ಮೇಲೆ ಗಂಡನಿಂದಲೂ ಯಜಮಾನರಿಂದಲೂ ಜೀಪನ್ನು ಹಿಂದೆಮುಂದೆ ತಳ್ಳಿಸಿ ತಿರುಗಿಸಿ, ಅವರನ್ನು ಹತ್ತಿಸಿಕೊಂಡು, ನ್ಯೂಟ್ರಲಿನಲ್ಲಿ ಇಳಿಜಾರಿಗೆ ಬಿಟ್ಟರು. ಎಂಜಿನ್ನಿನ ಸದ್ದಿಲ್ಲದೆ ಘಟ್ಟ ಇಳಿಯುವುದು ವಿಚಿತ್ರ. ಟಯರಿನ ಸದ್ದು, ಬ್ರೇಕಿನ ಸದ್ದು ಮಾತ್ರ. ಆ ದಾರಿ ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಹಾರಿಬಿಡಲೇ ಎಂದು ಕೂಡ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಯಜಮಾನರ ಮನೆ ಘಟ್ಟದ ಬುಡದಲ್ಲೇ. ತಗ್ಗಿಗೆ ಬಂದ ಮೇಲೆ ಸ್ವಲ್ಪ ತಳ್ಳಿ, ಅವರ ರಬ್ಬರ್ ಶೀಟ್ ಒಣಗಿಸುವ ಕೊಟ್ಟಿಗೆಯ ನೆರಳಿಗೆ ಜೀಪು ತಂದೆವು. ಹೊಗೆ ಹಿಡಿದ ರಬ್ಬರಿನ ವಾಸನೆ. ಯಜಮಾನರ ತಾಯಿ ಜಗಲಿಯಲ್ಲಿ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ನಮಗೆ ಮಜ್ಜಿಗೆ ಬಂತು. ಭಾವ ಮಜ್ಜಿಗೆ ಮುಟ್ಟಲಿಲ್ಲ.

"ಗೇಜ್ ತೆಗಿ" ಎಂದರು ನನಗೆ.

ಚೀಲದಿಂದ ಫೀಲರ್ ಗೇಜ್ ತೆಗೆದೆ. ತೆಳು ಉಕ್ಕಿನ ಪಟ್ಟಿಗಳ ಕಟ್ಟು ಅದು. ಎರಡು ವಸ್ತುಗಳ ನಡುವೆ ಎಷ್ಟು ಸಂದಿ ಇದೆ ಎಂದು ಪಟ್ಟಿ ತೂರಿಸಿ ನೋಡುತ್ತಾರೆ. ಭಾವ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಒಂದೊಂದು ಹಲ್ಲಿಗೂ ನಾನು ಪಟ್ಟಿ ತೂರಿಸಿ ನೋಡಿದೆ. ಒಂದು ಹಲ್ಲು, ಇನ್ನೊಂದು ಹಲ್ಲು, ಎದುರು ಬದಿಯ ಹಲ್ಲು. ಪೂರಾ ಒಂದು ಸುತ್ತು ಬಂತು.

ಸಂದಿ ಎಲ್ಲ ಕಡೆ ಒಂದೇ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ನಾನು ಮತ್ತೊಮ್ಮೆ ತಿರುಗಿಸಿ ಎಂದೆ. ಅವರು ತಿರುಗಿಸಿದರು. ಒಂದೇ.

"ಎಷ್ಟುಂಟು?" ಎಂದು ಗಂಡ ಕೇಳಿದ.

"ಸರಿ ಉಂಟು. ಚಕ್ರ ಸರಿ ಉಂಟು."

ಭಾವ ಸ್ಪ್ಯಾನರ್ ಕೆಳಗಿಟ್ಟು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತರು. ಗೆದ್ದವರ ಮುಖ ಅಲ್ಲ ಅದು. ಜ್ವರ ಬಿಟ್ಟವರ ಮುಖದ ಹಾಗಿತ್ತು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಇಷ್ಟು ವಾರ ನಾನು ಯಾವುದನ್ನು ಮುಚ್ಚಿಡಲಿಕ್ಕೆ ಒದ್ದಾಡಿದ್ದೆನೋ ಅದು ಇರಲೇ ಇಲ್ಲ. ಗ್ಯಾರೇಜಿನಲ್ಲಿ ಒಮ್ಮೆ ಈ ಪಟ್ಟಿ ತೂರಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಆದರೆ ಆಸಿಲೊಸ್ಕೋಪಿನ ಅಲೆ ಸುಳ್ಳು ಹೇಳುವುದಿಲ್ಲ. ಕೈಯಿಂದ ತಿರುಗಿಸಿದರೆ ಅಲ್ಲಾಡದ್ದು ಓಡುವಾಗ ಅಲ್ಲಾಡುತ್ತದೆ. ಹಾಗಾದರೆ ಚಕ್ರ ಕೂತಿರುವ ಜಾಗವೇ ಅಲ್ಲಾಡುತ್ತಿರಬೇಕು. ನಾನು ಬಗ್ಗಿ ಪುಲ್ಲಿಯನ್ನು ನೋಡಿದೆ. ಅದು ಗುಜರಿ ಎಂಜಿನ್ನಿನ ಜೊತೆಗೆ ಬಂದ ಹಳೆಯ ಪುಲ್ಲಿ. ನಡುವಿನ ಗುಂಬ ಬೇರೆ, ಹೊರಗಿನ ಬಳೆ ಬೇರೆ. ಎಂಜಿನ್ನಿನ ನಡುಕ ತಡೆಯಲಿಕ್ಕೆಂದು ಎರಡರ ನಡುವೆ ಒಂದು ಪಟ್ಟಿ ರಬ್ಬರ್. ಭಾವನ ಚಕ್ರ ಕೂತದ್ದು ಹೊರಗಿನ ಬಳೆಯ ಮೇಲೆ. ಟೈಮಿಂಗಿನ ಗುರುತು ಇದ್ದದ್ದೂ ಅದೇ ಬಳೆಯ ಮೇಲೆ.

"ಸ್ವಲ್ಪ ಸುಣ್ಣ ಸಿಗಬಹುದಾ?" ಎಂದು ಯಜಮಾನರ ಹತ್ತಿರ ಕೇಳಿದೆ.

ಅವರ ತಾಯಿ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಕಳಿಸಿದರು. ನಾನು ಬೆರಳಿನಿಂದ ಪುಲ್ಲಿಯ ನಡುವಿನಿಂದ ರಬ್ಬರಿನ ಮೇಲೆ ಹಾಯಿಸಿ ಹೊರಗಿನ ಬಳೆಯವರೆಗೆ ಒಂದು ನೇರ ಗೆರೆ ಎಳೆದೆ. ಗಂಡ ಸೆಲ್ಫ್ ಹೊಡೆದ. ಹತ್ತಾರು ಸಲ ಹೊಡೆದ ಮೇಲೆ ಎಂಜಿನ್ ಹೇಗೋ ಹಿಡಿಯಿತು. ರೇಸ್ ಮಾಡು ಎಂದೆ. ಮಾಡಿದ. ಕೆಮ್ಮಿ ನಿಂತಿತು.

ಎಲ್ಲರೂ ಬಗ್ಗಿ ನೋಡಿದೆವು. ಸುಣ್ಣದ ಗೆರೆ ತುಂಡಾಗಿತ್ತು. ನಡುವಿನ ಅರ್ಧ ಒಂದು ಕಡೆ, ಬಳೆಯ ಮೇಲಿನ ಅರ್ಧ ಎರಡು ಬೆರಳು ಆಚೆ.

ಯಜಮಾನರು ರಬ್ಬರ್ ಪಟ್ಟಿಯನ್ನು ಉಗುರಿನಿಂದ ಗೀರಿದರು. ಕಪ್ಪು ಹಿಟ್ಟಿನ ಹಾಗೆ ಉದುರಿತು. "ಇದು ಸತ್ತು ಎಷ್ಟು ಕಾಲ ಆಯ್ತೋ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬಿಸಿಯಾದೊಡನೆ ಹಿಡಿತ ಬಿಟ್ಟು ಹೊರಗಿನ ಬಳೆ ಜಾರುತ್ತಿತ್ತು, ವಾಲಾಡುತ್ತಿತ್ತು. ಚಕ್ರವೂ ಗುರುತೂ ಒಟ್ಟಿಗೇ ಜಾರಿದ್ದರಿಂದ ಟೈಮಿಂಗ್ ಲೈಟಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಮೇಲಿನ ಕ್ಯಾಮ್ ಸೆನ್ಸರಿನ ಲೆಕ್ಕಕ್ಕೂ ಕೆಳಗಿನ ಲೆಕ್ಕಕ್ಕೂ ತಾಳೆ ತಪ್ಪಿದ್ದು ಅದಕ್ಕೇ.

ನನ್ನ ಗಂಡ ಜೋರಾಗಿ ನಕ್ಕುಬಿಟ್ಟ. "ಅಣ್ಣಾ, ನಿನ್ನ ಚಕ್ರ ಅಲ್ಲ ಅದು!" ಎಂದು ಭಾವನ ಭುಜ ಹಿಡಿದು ಅಲ್ಲಾಡಿಸಿದ. ಭಾವ ಸ್ವಲ್ಪ ನಕ್ಕರು. ಆಮೇಲೆ ಬಿಸಿಲಿಗೆ ಬೆಚ್ಚಗಾದ ಆ ಮಜ್ಜಿಗೆಯನ್ನು ಎತ್ತಿ ಕುಡಿದರು.

ಪುಲ್ಲಿ ಬಿಚ್ಚಿಕೊಂಡು ನಾವು ಮೂವರೂ ಸುಳ್ಯದ ಬಸ್ಸು ಹತ್ತಿದೆವು. ಗಂಡನಿಗೆ ಮುಂದೆ ಎಲ್ಲೋ ಸೀಟು ಸಿಕ್ಕಿತು. ನಾನು ಮತ್ತು ಭಾವ ಹಿಂದೆ ಒಂದೇ ಸೀಟಿನಲ್ಲಿ. ಗೋಣಿಯಲ್ಲಿ ಸುತ್ತಿದ ಪುಲ್ಲಿ ಅವರ ಕಾಲ ಬುಡದಲ್ಲಿ. ಬಸ್ಸು ಅರಂತೋಡು ದಾಟಿದ ಮೇಲೆ ಅವರು ಕೇಳಿದರು:

"ನನ್ನ ಚಕ್ರದ್ದು ಅಂತ ನಿನಗೆ ಯಾವಾಗ ಅನಿಸಿದ್ದು?"

"ಆಸಿಲೊಸ್ಕೋಪ್ ತಂದ ದಿನ."

ಅವರು ಕಿಟಕಿಯ ಹೊರಗೆ ನೋಡಿದರು. "ಅಷ್ಟು ದಿನ ನನ್ನ ಎದುರು ಕೂತು ಊಟ ಮಾಡಿದೆ ನೀನು."

ಅಷ್ಟೇ. ಬೈದದ್ದಲ್ಲ. ನಾನು ಏನಾದರೂ ಹೇಳಬೇಕಿತ್ತು. ನಿಮಗೆ ನೋವಾಗುತ್ತದೆಂದು, ಮನೆ ಒಡೆಯುತ್ತದೆಂದು, ಅತ್ತೆ ಅಳುತ್ತಾರೆಂದು. ಎಲ್ಲವೂ ನಿಜವೇ. ಒಂದನ್ನೂ ಹೇಳಲಾಗಲಿಲ್ಲ. ನಮ್ಮ ಮೇಲೆ ಒರಗಿ ನಿಂತ ಜನ, ಕಾಲ ಬುಡದಲ್ಲಿ ಕಬ್ಬಿಣ, ಎದ್ದು ಹೋಗಲಿಕ್ಕೆ ಜಾಗವಿಲ್ಲ.

ಭಾವ ಒಂದೇ ಉಕ್ಕಿನ ತುಂಡಿನಿಂದ, ನಡುವೆ ರಬ್ಬರ್ ಇಲ್ಲದ ಹೊಸ ಪುಲ್ಲಿ ಕಡೆದರು. ರಬ್ಬರ್ ಇಲ್ಲದಿದ್ದರೆ ಎಂಜಿನ್ ಸ್ವಲ್ಪ ನಡುಗುತ್ತದೆ ಎಂದು ಯಜಮಾನರಿಗೆ ಮೊದಲೇ ಹೇಳಿದೆವು. ಜೀಪು ನಡುಗಿದರೆ ನಡುಗಲಿ, ನಿಲ್ಲದಿದ್ದರೆ ಸಾಕು ಎಂದರು. ನಾನು ಕಂಪ್ಯೂಟರಿಗೆ ಕಲಿಸಿದ್ದ ಸುಳ್ಳುಗಳನ್ನೆಲ್ಲ ಅಳಿಸಿ ಮೊದಲಿನಿಂದ ಬರೆದೆ. ಅದೇ ತಿರುವಿನಲ್ಲಿ ಜೀಪು ನಿಲ್ಲದೆ ಹತ್ತಿತು. ಯಜಮಾನರು ಘಟ್ಟದ ಮೇಲಿನಿಂದ ಫೋನ್ ಮಾಡಿ ಎಂಜಿನ್ನಿನ ಸದ್ದು ಕೇಳಿಸಿದರು. ಅವರ ಬಾಯಿಮಾತಿನಿಂದಲೇ ಇರಬೇಕು, ಕಡಬದಿಂದ ಇನ್ನೊಬ್ಬರು ಅಂಥದ್ದೇ ಕೆಲಸ ತಂದರು, ಬೆಳ್ಳಾರೆಯಿಂದ ಮತ್ತೊಬ್ಬರು. ಗಾಜಿನ ಕೋಣೆಗೆ ಗಂಡ ಎಸಿ ಹಾಕಿಸಿದ. ಇನ್ನು ಮಂಗಳೂರಿನ ಮಾತು ಯಾರೂ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಮನೆ ಎರಡಾಗಲಿಲ್ಲ. ಭಾವ ನಮ್ಮೊಟ್ಟಿಗೇ ಊಟಕ್ಕೆ ಕೂರುತ್ತಾರೆ. ಕಂಪ್ಯೂಟರನ್ನು ಬೈಯುವುದು ಮಾತ್ರ ನಿಲ್ಲಿಸಿದ್ದಾರೆ. ಬೈಯಲಿ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ. ಲೇತಿನಲ್ಲಿ ಏನೇ ಮಾಡಿದರೂ ಈಗ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಅಗಲ ಅಳೆಯುವ ಗೇಜನ್ನೂ ಇಟ್ಟು, ಬಾಗಿಲ ಹತ್ತಿರ ನಿಲ್ಲುತ್ತಾರೆ. ಕೂತುಕೊಳ್ಳಿ ಎಂದರೂ ಕೂರುವುದಿಲ್ಲ. ಇದು ನನ್ನ ಮೇಲಿನ ವಿಶ್ವಾಸವೋ, ನಾನು ಮಾಡಿದ್ದನ್ನು ನೆನಪಿಸುವುದೋ, ನನಗೆ ಗೊತ್ತಾಗಿಲ್ಲ. ಕೇಳಲಿಕ್ಕೂ ಧೈರ್ಯ ಬಂದಿಲ್ಲ. ಅವರು ನೋಡುತ್ತಿರುವಾಗಲೇ ನಾನು ಅಳೆಯಬೇಕು.

ಮೊನ್ನೆ ಕಡಬದವರ ಗಾಡಿಗೆ ಮಾಡಿದ ಚಕ್ರ ತಂದಿಟ್ಟರು. ಅಳೆದೆ. ಒಂದು ಕಡೆ ಸ್ವಲ್ಪ ಹೆಚ್ಚಿತ್ತು. ಮತ್ತೊಮ್ಮೆ ಅಳೆದೆ. ಹೌದು, ಹೆಚ್ಚಿತ್ತು. ಹೊರಗೆ ಗಂಡ ಯಾರೊಟ್ಟಿಗೋ ಮಾತಾಡುತ್ತಿದ್ದ.

"ಈ ಬದಿಯಲ್ಲಿ ಒಂದು ಎಳೆ ಜಾಸ್ತಿ ಉಂಟು ಭಾವ" ಎಂದೆ.

"ಎಲ್ಲಿ?" ಎಂದು ಹತ್ತಿರ ಬಂದರು. ಪೆನ್ಸಿಲಿನಿಂದ ಗುರುತು ಮಾಡಿ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಚಕ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅದನ್ನು ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತು ಆಚೆಯಿಂದ ಯಾವ ಸದ್ದೂ ಬರಲಿಲ್ಲ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಆಮೇಲೆ ಲೇತು ತಿರುಗತೊಡಗಿತು.